ನೀಲಿ ಥ್ರೆಡ್‌ಲಾಕರ್: ಪಿವಟ್‌ಗೆ ಸೈ, ಕ್ಲಿಪ್‌ಗೆ ಬೇಡ

ಮಡಿಸುವ ಚಾಕುವಿನ ಪಿವಟ್ ಸ್ಕ್ರೂ, ಅಂದರೆ ಅಲಗು ತಿರುಗುವ ಕೀಲಿನ ಸ್ಕ್ರೂ, ವಿಚಿತ್ರ ಜಾಗದಲ್ಲಿ ಕೂತಿದೆ. ಬೇರೆ ಸ್ಕ್ರೂ ಆದರೆ ಗಟ್ಟಿಯಾಗಿ ಬಿಗಿದುಬಿಡಬಹುದು, ಆ ಬಿಗಿಯೇ ಅದನ್ನು ಹಿಡಿದಿಡುತ್ತದೆ. ಇಲ್ಲಿ ಹಾಗೆ ಬಿಗಿದರೆ ಅಲಗೇ ತಿರುಗುವುದಿಲ್ಲ. ಸ್ವಲ್ಪ ಸಡಿಲ ಬಿಡಲೇಬೇಕು. ಬಿಟ್ಟರೆ ತೆರೆದು ಮುಚ್ಚಿದಾಗೆಲ್ಲ ಸ್ಕ್ರೂ ಒಂದಿಷ್ಟಿಷ್ಟೇ ಹಿಂದಕ್ಕೆ ತಿರುಗುತ್ತದೆ. ಕೊನೆಗೊಂದು ದಿನ ಅಲಗು ಎಡಕ್ಕೂ ಬಲಕ್ಕೂ ಟಕ್ ಟಕ್ ಅಂತ ಆಡಲು ಶುರು ಮಾಡುತ್ತದೆ.

ನೀಲಿ ಥ್ರೆಡ್‌ಲಾಕರ್, ಅಂದರೆ ಸ್ಕ್ರೂ ಸಡಿಲವಾಗದಂತೆ ಅದರ ಥ್ರೆಡ್‌ಗೆ ಹಾಕುವ ಅಂಟು, ತಂದಿದ್ದು ಈ ಟಕ್ ಟಕ್ ತಡೆಯಲಾರದೆ. ಅದಕ್ಕೂ ಮುಂಚೆ ನೇಲ್ ಪಾಲಿಶ್ ಹಾಕುತ್ತಿದ್ದೆ. ಅದು ಒಣಗಿ ಪುಡಿಯಾಗಿ ಉದುರುತ್ತಿತ್ತು ಅಷ್ಟೇ.

ಬಾಟಲಿ ಅರ್ಧ ಖಾಲಿ ಬಂತು ಅಂತ ತುಂಬಾ ಜನ ಸಿಟ್ಟಾಗುತ್ತಾರೆ. ಅದು ಮೋಸ ಅಲ್ಲ. ಗಾಳಿ ಇರುವವರೆಗೆ ಇದು ದ್ರವವಾಗಿಯೇ ಇರುತ್ತದೆ. ಗಾಳಿ ಸಿಗದ ಕಡೆ, ಲೋಹ ಲೋಹ ತಾಗುವ ಥ್ರೆಡ್ ಒಳಗೆ ಮಾತ್ರ ಗಟ್ಟಿಯಾಗುತ್ತದೆ. ಬಾಟಲಿಯಲ್ಲಿ ಗಾಳಿಗೆ ಜಾಗ ಬಿಡುವುದು ಅದಕ್ಕೇ. ಹಿಡಿಯ ಮೇಲೆ ಬಿದ್ದ ಹನಿ ಹಸಿಯಾಗೇ ಉಳಿಯುವುದೂ ಅದಕ್ಕೇ, ಒರೆಸಿದರೆ ಹೋಗುತ್ತದೆ. ಪ್ಲಾಸ್ಟಿಕ್ ಹಿಡಿಯಾದರೆ ಬೇಗ ಒರೆಸಿ, ಕೆಲವು ಪ್ಲಾಸ್ಟಿಕ್ ಇದು ತಾಗಿದರೆ ಬಿರುಕು ಬಿಡುತ್ತದೆ.

ಹಾಕುವ ಕೆಲಸ ನನಗೆ ಇಷ್ಟ. ಸ್ಕ್ರೂ ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಎಣ್ಣೆ ಎಲ್ಲ ತೆಗೆಯುತ್ತೇನೆ. ಎಣ್ಣೆ ಉಳಿದರೆ ಹಿಡಿತ ಕಡಿಮೆ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹನಿ ತೆಗೆದುಕೊಂಡು ಥ್ರೆಡ್‌ನ ಕೊನೆಗೆ ಮಾತ್ರ ಮುಟ್ಟಿಸುತ್ತೇನೆ. ಜಾಸ್ತಿಯಾದರೆ ಒಳಗಿನ ವಾಷರ್ ಕಡೆಗೆ ಹರಿಯುತ್ತದೆ, ಆಮೇಲೆ ಅಲಗು ಮರಳು ಸಿಕ್ಕಿಕೊಂಡಂತೆ ತಿರುಗುತ್ತದೆ.

ಇನ್ನು ನಿಜವಾದ ಮಜಾ. ಚಾಕುವಿನ ಸ್ಕ್ರೂಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್, ಇಲ್ಲವೇ ಟೈಟಾನಿಯಂ. ಈ ಲೋಹಗಳ ಮೇಲೆ ಇದು ನಿಧಾನ. ಮಾಮೂಲಿ ಉಕ್ಕಿಗಿಂತ ತುಂಬಾ ತಡವಾಗಿ ಕಚ್ಚುತ್ತದೆ. ಕೆಲವರಿಗೆ ಅದು ಕಿರಿಕಿರಿ. ನನಗಂತೂ ಅದೇ ಇದರ ದೊಡ್ಡ ಗುಣ. ಕೂದಲೆಳೆಯಷ್ಟು ತಿರುಗಿಸಿ, ತೆರೆದು ನೋಡಿ, ಮತ್ತೆ ಹಿಂದಕ್ಕೆ ತಿರುಗಿಸಿ, ಅಲಗು ಹಗುರವಾಗಿ ಬೀಳಬೇಕು ಆದರೆ ಪಕ್ಕಕ್ಕೆ ಆಡಬಾರದು ಅನ್ನುವ ಆ ಒಂದು ಬಿಂದು ಹುಡುಕಲು ಸಮಯ ಸಿಗುತ್ತದೆ. ಸಿಕ್ಕ ಮೇಲೆ ಒಂದು ದಿನ ಪೂರ್ತಿ ಮುಟ್ಟದೆ ಇಡುತ್ತೇನೆ. ಆಮೇಲೆ ಆ ಬಿಂದು ಅಲುಗಾಡುವುದಿಲ್ಲ. ದಿನಾ ಕೈಗೆ ಬರುವ ಚಾಕುವಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ?

ಇಷ್ಟಕ್ಕೇ ನಿಲ್ಲಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಆದರೆ ಚಾಕುವನ್ನು ಜೇಬಿಗೆ ಸಿಕ್ಕಿಸುವ ಕ್ಲಿಪ್‌ನ ಸ್ಕ್ರೂಗಳ ಕಥೆ ಬೇರೆ.

ನೀಲಿಯನ್ನು ಮಾಡಿರುವುದು ಸುಮಾರು 6 ಮಿಲಿಮೀಟರ್ ಮತ್ತು ಅದಕ್ಕಿಂತ ದಪ್ಪ ಸ್ಕ್ರೂಗಳಿಗೆ. ಕ್ಲಿಪ್‌ನ ಸ್ಕ್ರೂ ಅದರ ಅರ್ಧದಷ್ಟೂ ಇರುವುದಿಲ್ಲ. ತಲೆಯಲ್ಲಿ ಡ್ರೈವರ್ ಕೂರಲು ಪುಟ್ಟ ಟಿ6 ಅಳತೆಯ ನಕ್ಷತ್ರಾಕಾರದ ಗುಂಡಿ. ಒಮ್ಮೆ ನೀಲಿ ಕಚ್ಚಿತೆಂದರೆ ಬಿಚ್ಚುವಾಗ ಮೊದಲು ಸೋಲುವುದು ಅಂಟಲ್ಲ, ಆ ಗುಂಡಿ. ಡ್ರೈವರ್ ಜಾರಿ ಗುಂಡಿ ಸವೆದು ದುಂಡಗಾಗುತ್ತದೆ. ಕ್ಲಿಪ್ ಆ ಕಡೆಯಿಂದ ಈ ಕಡೆಗೆ ಹಾಕೋಣ ಅಂದುಕೊಂಡವರು ಅಲ್ಲೇ ನಿಂತುಬಿಡುತ್ತಾರೆ. ನನ್ನದು ಬಂದಿದ್ದು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ನ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದ ಮೇಲೆ. ಬಿಸಿಗೆ ಅಂಟು ಮೆತ್ತಗಾಗುತ್ತದೆ. ಬಾಟಲಿಯ ಮೇಲೆ ಅಳತೆಯ ಮಾತು ಇದೆ, ಆದರೆ ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ!

ಇನ್ನೊಂದು ಬೇಸರ. ಚಾಕು ಬಿಚ್ಚಿ ತೊಳೆದಾಗೆಲ್ಲ ಥ್ರೆಡ್‌ನಲ್ಲಿ ಹಳೆಯ ಅಂಟಿನ ಪುಡಿ. ಅದನ್ನು ಕೆರೆದು ಮತ್ತೆ ಹೊಸದು ಹಾಕಬೇಕು. ಹಳೆಯದನ್ನೇ ನಂಬಿದರೆ ಟಕ್ ಟಕ್ ವಾಪಸ್. ತಿಂಗಳಿಗೊಮ್ಮೆ ಚಾಕು ಬಿಚ್ಚುವ ಚಟ ಇದ್ದರೆ ಇದು ನಿಮಗೆ ಹಿಡಿಸುವುದಿಲ್ಲ. ಪಿವಟ್‌ನ ಎರಡೂ ಕಡೆ ಒಟ್ಟಿಗೆ ಸುತ್ತುವ ಚಾಕುಗಳಿಗೆ ಎರಡು ಡ್ರೈವರ್ ಬೇರೆ ಬೇಕು.

ಕೊಳ್ಳುವವರಿಗೆ: ಅತಿ ಸಣ್ಣ ಬಾಟಲಿ ಸಾಕು. 10 ಮಿಲಿಲೀಟರ್ ಕೂಡ ಅವಧಿ ಮುಗಿಯುವವರೆಗೆ ಖರ್ಚಾಗುವುದಿಲ್ಲ, ಸುಮ್ನೆ ದುಡ್ಡು ದಂಡ. ಕ್ಲಿಪ್‌ಗೆ, ಹಿಡಿಯ ಸಣ್ಣ ಸ್ಕ್ರೂಗಳಿಗೆ ಕಡಿಮೆ ಬಲದ ನೇರಳೆ ಬಣ್ಣದ್ದು ನೋಡಿ. ಕೆಂಪಿನ ಹತ್ತಿರ ಹೋಗಬೇಡಿ. ಅದನ್ನು ಬಿಡಿಸಲು ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಬೇಕು. ಅಷ್ಟು ಬಿಸಿ ಅಲಗಿಗೆ ತಾಗಿದರೆ ಅದರ ಹದವೇ ಹೋಗಬಹುದು. ನಾಲ್ಕು ನಕ್ಷತ್ರ. ಕಳೆದ ಒಂದು ಕ್ಲಿಪ್ ಸ್ಕ್ರೂವಿನ ಲೆಕ್ಕಕ್ಕೆ.