ಒಂದೇ ವೈಪರ್, ನಾಲ್ಕು ಕಣ್ಣು: ಮಲೆನಾಡಿನ ಮಳೆಯಲ್ಲಿ ನನ್ನ ಹಳೆ ಬೆಂಜ್

ಮೊದಲು ವೈಪರ್ ವಿಷಯ ಹೇಳಿಬಿಡುತ್ತೇನೆ. ಎಂಜಿನ್, ಟಾರ್ಕ್, ಗೇರ್‌ಬಾಕ್ಸ್ ವಿವರ ನಿಮಗೆ ಎಲ್ಲಾದರೂ ಸಿಗುತ್ತದೆ. ವೈಪರ್ ಬಗ್ಗೆ ಯಾರೂ ಬರೆಯುವುದಿಲ್ಲ.

ನನ್ನದು 2001ರ ಮರ್ಸಿಡಿಸ್ ಇ220 ಸಿಡಿಐ, ಇ-ಕ್ಲಾಸ್‌ನ ಡೀಸೆಲ್ ಕಾರು. ಡಬ್ಲ್ಯು210 ಅನ್ನುವ ತಲೆಮಾರು. ಮುಂದೆ ನಾಲ್ಕು ಮೊಟ್ಟೆ ಆಕಾರದ ದೀಪ ಇರುತ್ತವಲ್ಲ, ಅದೇ. ಈ ಕಾರಿನ ಮುಂದಿನ ಗಾಜಿಗೆ ಇರುವುದು ಒಂದೇ ವೈಪರ್, ನಟ್ಟನಡುವೆ. ಅದು ಸುಮ್ನೆ ಆ ಕಡೆ ಈ ಕಡೆ ತಿರುಗುವುದಿಲ್ಲ. ಬುಡದಲ್ಲಿ ಗೇರ್ ಇದೆ. ಮೂಲೆಯ ಕಡೆ ಹೋಗುವಾಗ ಕೈ ಉದ್ದ ಚಾಚುತ್ತದೆ, ನೆಟ್ಟಗೆ ನಿಂತಾಗ ಒಳಗೆ ಸರಿಯುತ್ತದೆ, ಮತ್ತೆ ಇನ್ನೊಂದು ಮೂಲೆಗೆ ಚಾಚುತ್ತದೆ. ಇದರ ಹಿಂದಿನ ಡಬ್ಲ್ಯು124 ಮಾದರಿಯಲ್ಲಿ ಶುರುವಾದ ಉಪಾಯ. ಗಾಜಿನ ಶೇಕಡ 86ರಷ್ಟು ಭಾಗ ಒರೆಸುತ್ತದೆ ಅಂತ ಆಗ ಹೇಳಿಕೊಂಡಿದ್ದರು. ಮೇಲೆ ಮಧ್ಯದಲ್ಲಿ ಒಂದು ಚೂರು ಜಾಗ ಒದ್ದೆಯಾಗಿಯೇ ಉಳಿಯುತ್ತದೆ, ಆದರೆ ಅಲ್ಲಿಂದ ಯಾರು ರಸ್ತೆ ನೋಡುತ್ತಾರೆ? ಡ್ರೈವರ್ ಕಡೆಯ ಮೇಲಿನ ಮೂಲೆಯಂತೂ ಸ್ವಚ್ಛ. ಘಾಟಿಯಲ್ಲಿ ಬಲಕ್ಕೆ ತಿರುಗುವಾಗ ಎದುರು ಬರುವ ಲಾರಿ ಕಾಣಬೇಕಾದ್ದು ಅದೇ ಮೂಲೆಯಲ್ಲಿ.

ಚಿಕ್ಕಮಗಳೂರಿನಿಂದ ಆಲ್ದೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಇಳಿದು ಉಜಿರೆ ಕಡೆ ನನ್ನ ಓಡಾಟ ಜಾಸ್ತಿ. ಆರಿದ್ರ ಮಳೆ ಹಿಡಿದಾಗ ಆ ರಸ್ತೆಯಲ್ಲಿ ಕಾರಿನ ಬೆಲೆ ಏನು ಅನ್ನುವುದು ಮುಖ್ಯ ಅಲ್ಲ, ಮುಂದೆ ಕಾಣುತ್ತದಾ ಇಲ್ಲವಾ ಅನ್ನುವುದು ಮುಖ್ಯ. ನನಗೆ ಕಾಣುತ್ತದೆ.

ಇದಕ್ಕೊಂದು ಸೇವೆಯೂ ಇದೆ. ಮಿರ್ಗದ ಮಳೆ ಬರುವ ಮುಂಚೆ ಒಂದು ಭಾನುವಾರ ವೈಪರ್ ಬುಡದ ಮುಚ್ಚಳ ತೆಗೆದು, ಹಳೆ ಗ್ರೀಸ್ ಒರೆಸಿ ಹೊಸದು ಹಾಕುತ್ತೇನೆ. ಗ್ರೀಸ್ ಒಣಗಿದರೆ ಕೈ ನಿಧಾನವಾಗುತ್ತದೆ, ಕಿರುಗುಟ್ಟುತ್ತದೆ, ಹಾಗೇ ಬಿಟ್ಟರೆ ಮೋಟರ್ ಸುಡುತ್ತದೆ. ರಬ್ಬರನ್ನು ಸೋಪಿನ ನೀರಲ್ಲಿ ಒರೆಸಿ, ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಒಂದು ಚೊಂಬು ನೀರು ಗಾಜಿಗೆ ಎರಚಿ, ಓಡಿಸಿ ನೋಡುವುದು. ಮನೆಯವಳು ಇದನ್ನು ಆಯುಧಪೂಜೆಗೆ ಮುಂಚಿನ ಆಯುಧಪೂಜೆ ಅನ್ನುತ್ತಾಳೆ. ಅನ್ನಲಿ.

ಈಗ ಮುಖದ ವಿಷಯ. 1993ರ ಜಿನೀವಾ ಪ್ರದರ್ಶನದಲ್ಲಿ ಕೂಪೆ ಅನ್ನುವ ಒಂದು ಎರಡು ಬಾಗಿಲಿನ ಮಾದರಿ ಇಟ್ಟು ಈ ನಾಲ್ಕು ಕಣ್ಣನ್ನು ಮೊದಲು ತೋರಿಸಿದರು. 1995ರಲ್ಲಿ ಇ-ಕ್ಲಾಸ್‌ಗೇ ಆ ಮುಖ ಬಂತು. ಅಲ್ಲಿಯವರೆಗೆ ಬೆಂಜ್ ಅಂದರೆ ಚೌಕ ದೀಪ, ನೇರ ಗೆರೆ, ಗಂಭೀರ ಮುಖ. ಇದನ್ನು ನೋಡಿ ಹಳೆ ಗಿರಾಕಿಗಳು ಮೂಗು ಮುರಿದರು. ಕಂಪನಿ ಮಾತ್ರ ಹಟ ಬಿಡಲಿಲ್ಲ. 2002ರ ಮಾದರಿಯಲ್ಲೂ ನಾಲ್ಕು, 2009ರಲ್ಲಿ ಮೂಲೆ ತೀಡಿ ಮತ್ತೆ ನಾಲ್ಕು, ಕೊನೆಗೆ 2013ರಲ್ಲಿ ಎರಡೆರಡನ್ನೂ ಒಂದೇ ಗಾಜಿನೊಳಗೆ ಸೇರಿಸಿ ಕೈಬಿಟ್ಟರು. ನನ್ನ ಕಾರನ್ನು ನೋಡಿದ ಪಕ್ಕದ ತೋಟದ ಗೌಡರು ‘ಕನ್ನಡಕ ಹಾಕಿದ ಮೇಷ್ಟ್ರು ಬಂದ ಹಾಗಿದೆ ಮಾರಾಯ’ ಅಂದರು. ನನಗೆ ಆ ಮೇಷ್ಟ್ರು ಇಷ್ಟ. ಮಂಜಿನಲ್ಲಿ ಎದುರಿನಿಂದ ಬಂದರೆ ದೂರದಿಂದಲೇ ಗುರುತು ಸಿಗುತ್ತದೆ.

ಜನ ಮೂಗು ಮುರಿದದ್ದರಿಂದಲೇ ಅಲ್ವಾ ನನ್ನಂಥವನಿಗೆ ಇದು ಸಿಕ್ಕಿದ್ದು. ಪುಣೆಯಲ್ಲಿ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಜೊತೆ ಸೇರಿ ಮೊದಲು ಜೋಡಿಸಿದ ಡಬ್ಲ್ಯು124 ಬೆಂಜ್‌ಗೆ ನಮ್ಮ ಕಡೆಯ ಎಸ್ಟೇಟುಗಳಲ್ಲಿ ಈಗಲೂ ಮರ್ಯಾದೆ ಇದೆ. ಮಾರುವವರು ಕಡಿಮೆ, ಕೇಳುವ ರೇಟು ಜಾಸ್ತಿ. ಅದರ ನಂತರ ಬಂದ ಈ ನಾಲ್ಕು ಕಣ್ಣಿನದ್ದನ್ನು ಕೇಳುವವರಿಲ್ಲ. ಕಾಫಿ ರೇಟು ಏರಿದ ಮೇಲೆ ಒಂದು ಎಸ್ಟೇಟಿನವರು ದೊಡ್ಡ ಎಸ್‌ಯುವಿ ತೆಗೆದುಕೊಂಡರು. ಇದು ಶೆಡ್ಡಿನಲ್ಲಿ ಗೋಣಿಚೀಲಗಳ ಪಕ್ಕ ನಿಂತಿತ್ತು. ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ ಕೊಟ್ಟು ತೆಗೆದುಕೊಂಡೆ. ನಾನು ಸಣ್ಣ ಬೆಳೆಗಾರ, ಅದಕ್ಕಿಂತ ಜಾಸ್ತಿ ಕಾರಿಗೆ ಹಾಕುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಆಲ್ಟೊ ಬರುತ್ತಿತ್ತು. ಆಲ್ಟೊ ಬಗ್ಗೆ ನನಗೇನೂ ಕೋಪ ಇಲ್ಲ, ಆದರೆ ಅಮ್ಮನಿಗೆ ಸಣ್ಣ ಕಾರಿನ ಹಿಂದಿನ ಸೀಟಲ್ಲಿ ಕೂತರೆ ಬೇಲೂರು ದಾಟುವುದರೊಳಗೆ ವಾಂತಿ. ಇದರಲ್ಲಿ ಹಾಸನದ ಆಸ್ಪತ್ರೆಗೆ ಹೋಗಿ ಬರುವಾಗ ದಾರಿಯುದ್ದಕ್ಕೂ ಮಾತಾಡುತ್ತಾರೆ, ಕೆಲವೊಮ್ಮೆ ಬೇಡ ಅನ್ನಿಸುವಷ್ಟು.

ಒಳಗೆ ಕೂತರೆ ಎಲ್ಲವೂ ಸ್ವಲ್ಪ ಬೇರೆ. ಇಂಡಿಕೇಟರ್, ವೈಪರ್, ಹೈ ಬೀಮ್ ಮೂರೂ ಎಡಗಡೆಯ ಒಂದೇ ಕಡ್ಡಿಯಲ್ಲಿ. ಮಾರುತಿ ಓಡಿಸಿ ಬಂದವರ ಬಲಗೈ ಗಾಳಿಯಲ್ಲಿ ತಡಕಾಡುತ್ತದೆ. ಹ್ಯಾಂಡ್‌ಬ್ರೇಕ್ ಕೈಗೆ ಸಿಗುವುದಿಲ್ಲ, ಅದನ್ನು ಕಾಲಲ್ಲಿ ಒತ್ತಬೇಕು. ಬಿಡಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಹಿಡಿ ಎಳೆಯಬೇಕು. ಕಲ್ಯಾಣ ಮಂಟಪದಲ್ಲಿ ಗಾಡಿ ಪಾರ್ಕ್ ಮಾಡುವ ಹುಡುಗ ಕೀ ಇಸಕೊಂಡು ಹೋಗಿ, ಸ್ವಲ್ಪ ಹೊತ್ತಿಗೆ ಬೆವರು ಒರೆಸಿಕೊಂಡು ಬಂದು ‘ಅಣ್ಣ, ಇದರ ಹ್ಯಾಂಡ್‌ಬ್ರೇಕ್ ಎಲ್ಲಣ್ಣ?’ ಅನ್ನುತ್ತಾನೆ. ಪ್ರತಿ ಮದುವೆಯಲ್ಲೂ ನಡೆಯುವ ಕಥೆ. ಬಾಗಿಲು ಹಾಕಿದಾಗ ಬರುವ ದಪ್ಪ ಸದ್ದಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ತೊಂದರೆ ಬೇರೆ ಕಡೆ ಇದೆ. ಕಾರಿನ ಮೇಲಿನ ಬೆಂಜ್ ನಕ್ಷತ್ರ ಕಂಡ ತಕ್ಷಣ ಊರಿನವರ ಲೆಕ್ಕ ಬದಲಾಗುತ್ತದೆ. ಜಾತ್ರೆ ಸಮಿತಿಯವರು ರಸೀದಿ ಪುಸ್ತಕದಲ್ಲಿ ಮೊದಲೇ ಮೊತ್ತ ಬರೆದುಕೊಂಡು ಬರುತ್ತಾರೆ. ಸಂತೆಯಲ್ಲಿ ಬೀನ್ಸಿಗೆ ಚೌಕಾಸಿ ಮಾಡಿದರೆ ‘ಬೆಂಜಲ್ಲಿ ಬಂದು ಹತ್ತು ರೂಪಾಯಿ ಕೇಳ್ತೀರಲ್ಲ ಸಾರ್’. ಈ ಕಾರು ನಿನ್ನ ಮಗನ ಬೈಕಿಗಿಂತ ಸ್ವಲ್ಪವೇ ದುಬಾರಿ ಕಣಪ್ಪ ಅಂದರೆ ನಂಬುವುದಿಲ್ಲ.

ಇಲ್ಲಿಯವರೆಗೆ ಓದಿ ಖುಷಿಯಾಗಿ ಹುಡುಕಲು ಶುರು ಮಾಡಿದ್ದರೆ ನಿಲ್ಲಿ. ತುಕ್ಕು.

ಡಬ್ಲ್ಯು210 ತುಕ್ಕಿಗೆ ಪ್ರಪಂಚದಾದ್ಯಂತ ಹೆಸರಾದ ಕಾರು. ಚಕ್ರದ ಕಮಾನು, ಬಾಗಿಲಿನ ಕೆಳ ಅಂಚು, ಡಿಕ್ಕಿಯ ಬೀಗದ ಸುತ್ತ, ಎಲ್ಲ ಕಡೆ ಬರುತ್ತದೆ. ಇದೆಲ್ಲ ಕಣ್ಣಿಗೆ ಕಾಣುವ ತುಕ್ಕು, ಹಾಳಾಗಲಿ ಬಿಡಿ. ಭಯಪಡಬೇಕಾದ್ದು ಮುಂದಿನ ಸ್ಪ್ರಿಂಗ್ ಮೇಲ್ತುದಿ ಕೂರುವ ಬಟ್ಟಲು. ಅದನ್ನು ಕಾರಿನ ಬಾಡಿಯ ತಗಡಿಗೆ ಬೆಸುಗೆ ಹಾಕಿರುತ್ತಾರೆ. ಬೆಸುಗೆಯ ಸುತ್ತ ತುಕ್ಕು ತಿಂದರೆ ಒಂದು ದಿನ ಬಟ್ಟಲು ಕಿತ್ತು ಬಂದು ಆ ಕಡೆ ಕಾರು ಕುಸಿಯುತ್ತದೆ. ಘಾಟಿಯಲ್ಲಿ ಆದರೆ ಏನು ಗತಿ, ಯೋಚನೆ ಮಾಡಿ. ವರ್ಷಕ್ಕೆ ನಾಲ್ಕು ತಿಂಗಳು ನೆನೆಯುವ ನಮ್ಮ ಜಿಲ್ಲೆ ಇಂಥ ಕಾರಿಗೆ ಹೇಳಿ ಮಾಡಿಸಿದ ಶತ್ರು. ನಾನು ಮೇಲೆ ಹೊಗಳಿದ ಅದೇ ಮಳೆ.

ನನ್ನ ಕಾರಿಗೆ ಹಿಂದೆ ಯಾವುದೋ ಗ್ಯಾರೇಜಿನವರು ಟಿಂಕರ್ ಕೆಲಸ ಮಾಡಿದ್ದರು. ಕೆಲಸ ಅಂದರೆ ತುಕ್ಕು ಕೆರೆಯದೆ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕಳಿಸಿದ್ದು. ಒಂದು ಮಳೆಗಾಲದಲ್ಲಿ ಎಡಗಡೆ ಹಿಂದಿನ ಕಮಾನಿನ ಪುಟ್ಟಿ ಹೋಳಾಗಿ ಉದುರಿತು. ಒಳಗೆ ತಗಡೇ ಇರಲಿಲ್ಲ. ಬೆರಳು ಹಾಕಿದರೆ ಡಿಕ್ಕಿಯ ಕಾರ್ಪೆಟ್ ಸಿಗುತ್ತಿತ್ತು. ಕತ್ತರಿಸಿ ಹೊಸ ತಗಡು ಬೆಸೆದು, ಅಡಿಗೆಲ್ಲ ಕೋಟಿಂಗ್ ಮಾಡಿಸಲು ಆದ ಖರ್ಚು ಕಾರಿನ ಬೆಲೆಯ ಮೂರನೇ ಒಂದು ಭಾಗ. ಅವತ್ತು ರಾತ್ರಿ ಇದನ್ನು ಗುಜರಿಗೆ ಹಾಕಿಬಿಡೋಣ ಅನ್ನಿಸಿದ್ದು ನಿಜ.

ಕಾಗದದ ಖರ್ಚೂ ಇದೆ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿದರು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದರು. ಜೊತೆಗೆ ಹಸಿರು ತೆರಿಗೆ. ಎಂಜಿನ್ 1500 ಸಿಸಿಗಿಂತ ದೊಡ್ಡದಾದ್ದರಿಂದ ಥರ್ಡ್ ಪಾರ್ಟಿ ವಿಮೆಯ ಮೂಲ ಕಂತೇ 7,897. ಐದು ವರ್ಷಕ್ಕೆ ಹಂಚಿದರೆ ಆರ್‌ಸಿ ಖರ್ಚು ದೊಡ್ಡದಲ್ಲ, ಆದರೆ ಒಟ್ಟಿಗೆ ಕೊಡುವಾಗ ಉರಿಯುತ್ತದೆ.

ಎಂಜಿನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ನ ಬುಡದ ತಾಮ್ರದ ವಾಷರ್ ಸೋರಲು ಶುರುವಾದರೆ ಚಫ್ ಚಫ್ ಅನ್ನುತ್ತದೆ. ಆಗಲೇ ಬದಲಾಯಿಸಿ, ಬಿಟ್ಟರೆ ಡಾಂಬರಿನಂಥ ಕರಿ ಗಟ್ಟಿಯಾಗಿ ಕೂತು ಇಂಜೆಕ್ಟರ್ ಕೀಳಲು ಬರುವುದಿಲ್ಲ. ಲೀಟರಿಗೆ ಹನ್ನೆರಡರ ಆಸುಪಾಸು ಕೊಡುತ್ತದೆ. ಹಳ್ಳಿಯ ಹಂಪ್ಸ್‌ಗಳಲ್ಲಿ ಓರೆಯಾಗಿ ಹತ್ತಿಸಬೇಕು.

ಇಟ್ಟುಕೊಂಡಿದ್ದೇನೆ, ಸದ್ಯಕ್ಕೆ ಮಾರುವುದಿಲ್ಲ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಮಳೆ ಬೀಳದ ಶೆಡ್ ಇದ್ದು, ಕೈಗೆ ಗ್ರೀಸ್ ಅಂಟಿದರೆ ಬೇಜಾರಾಗದವರು ಮಾತ್ರ ಈ ಕಡೆ ನೋಡಿ. ದಿನಾ ಹಾಸನಕ್ಕೆ ಕೆಲಸಕ್ಕೆ ಓಡಾಡಲು ಇದೊಂದೇ ಗಾಡಿ ಅನ್ನುವವರಿಗೆ ಬೇಡ. ನೋಡಲು ಹೋಗುವಾಗ ಒಂದು ಅಯಸ್ಕಾಂತ, ಒಂದು ಟಾರ್ಚ್ ಇರಲಿ. ಅಯಸ್ಕಾಂತ ಅಂಟದ ಕಡೆ ಪುಟ್ಟಿ ಇದೆ. ಆಮೇಲೆ ಜಾಕ್ ಹಾಕಿ, ಮುಂದಿನ ಚಕ್ರ ಬಿಚ್ಚಿ, ಸ್ಪ್ರಿಂಗ್ ಬಟ್ಟಲಿಗೆ ಟಾರ್ಚ್ ಬಿಡಿ. ಚಕ್ರ ಬಿಚ್ಚುವುದು ಬೇಡ ಅಂತ ಮಾಲೀಕರು ಹೇಳಿದರೆ, ಅವರು ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ.