ಉರಿಮೂತ್ರಕ್ಕೆ ಮನೆಯಲ್ಲೇ ಸ್ಟ್ರಿಪ್ ಟೆಸ್ಟ್: ಕೊಳ್ಳಬಹುದೇ?

ಮೆಡಿಕಲ್ ಶಾಪಿನಲ್ಲಿ ಬರೀ ‘ಯೂರಿನ್ ಸ್ಟ್ರಿಪ್’ ಅಂತ ಕೇಳಿದರೆ ಸಕ್ಕರೆ, ಪ್ರೋಟೀನ್ ಮಾತ್ರ ನೋಡುವ ಪಟ್ಟಿ ಕೈಗೆ ಬರಬಹುದು. ಉರಿಮೂತ್ರಕ್ಕೆ ಅದರಿಂದ ಪ್ರಯೋಜನವಿಲ್ಲ. ಬೇಕಾದದ್ದು 10 ಪ್ಯಾರಾಮೀಟರಿನದು, ಅಂದರೆ ಹತ್ತು ಅಂಶ ನೋಡುವ ಪಟ್ಟಿ. ಡಬ್ಬಿಯ ಮೇಲೆ ನೈಟ್ರೈಟ್, ಲ್ಯೂಕೋಸೈಟ್ ಎರಡೂ ಇವೆಯೇ ನೋಡಿಯೇ ದುಡ್ಡು ಕೊಡಿ.

ಬಹುಪಾಲು ಮೂತ್ರ ಸೋಂಕಿಗೆ ಕಾರಣ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದು ಮೂತ್ರದ ನೈಟ್ರೇಟನ್ನು ನೈಟ್ರೈಟ್ ಮಾಡುತ್ತದೆ, ಆಗ ಪಟ್ಟಿಯ ಮೇಲಿರುವ ನೈಟ್ರೈಟಿನ ಪುಟ್ಟ ಚೌಕ ಗುಲಾಬಿಯಾಗುತ್ತದೆ. ಆದರೆ ಅಷ್ಟಕ್ಕೆ ಮೂತ್ರ ಸುಮಾರು 4 ಗಂಟೆ ಒಳಗೇ ನಿಂತಿರಬೇಕು. ಉರಿಮೂತ್ರ ಬಂದವರು ಗಳಿಗೆಗೊಮ್ಮೆ ಬಚ್ಚಲಿಗೆ ಓಡುತ್ತಿರುತ್ತಾರೆ, ಜೊತೆಗೆ ಬಾರ್ಲಿ ನೀರು, ಎಳನೀರು ಬೇರೆ. ಸೋಂಕಿದ್ದೂ ಚೌಕ ಬಣ್ಣ ತಿರುಗದೆ ಇರುವುದು ಇದರಿಂದಲೇ. ಹಾಗಾಗಿ ಬೆಳಗಿನ ಮೊದಲ ಮೂತ್ರವೇ ಒಳ್ಳೆಯದು. ವಿಟಮಿನ್ ಸಿ ಮಾತ್ರೆ ಹೆಚ್ಚು ನುಂಗುತ್ತಿದ್ದರೂ ಫಲಿತಾಂಶ ಸುಳ್ಳಾಗಬಹುದು. ಎಂಟೆರೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದೇ ಇಲ್ಲ.

ಪಕ್ಕದ ಲ್ಯೂಕೋಸೈಟ್ ಚೌಕ ಬಿಳಿ ರಕ್ತಕಣದ ಸುಳಿವು ಹಿಡಿದು ನೇರಳೆಗೆ ತಿರುಗುತ್ತದೆ. ಬಿಳಿಸೆರಗಿನ ಅಂಶ ಬೆರೆತರೂ ಇದು ಹಾಗೇ ತಿರುಗುತ್ತದೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ ಅನ್ನುವುದು ಅದಕ್ಕೇ.

ಪಟ್ಟಿಯನ್ನು ಅದ್ದಿ ತಕ್ಷಣ ತೆಗೆದು, ಅಂಚನ್ನು ಲೋಟದ ಬಾಯಿಗೆ ಒರೆಸಿ, ಅಡ್ಡಲಾಗಿ ಹಿಡಿಯಿರಿ. ನೆಟ್ಟಗೆ ಹಿಡಿದರೆ ಒಂದು ಚೌಕದ ಬಣ್ಣ ಇನ್ನೊಂದಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ನೈಟ್ರೈಟ್ 60 ಸೆಕೆಂಡಿಗೆ, ಲ್ಯೂಕೋಸೈಟ್ 120 ಸೆಕೆಂಡಿಗೆ ನೋಡಬೇಕು. ಹಗಲ ಬೆಳಕಿನಲ್ಲೇ ನೋಡಿ. ಇಡೀ ಚೌಕ ಗುಲಾಬಿಯಾದರೆ ಮಾತ್ರ ಲೆಕ್ಕ, ಅಂಚಿನ ಕೆಂಪು ಚುಕ್ಕೆ ಲೆಕ್ಕಕ್ಕಿಲ್ಲ. ಐದು ನಿಮಿಷ ಬಿಟ್ಟು ಬಂದು ನೋಡಿದ್ದನ್ನು ನಂಬಬೇಡಿ.

ಈ ಸರಕಿನ ದೊಡ್ಡ ಶತ್ರು ತೇವ. ಮುಚ್ಚಳ ತೆರೆದಿಟ್ಟರೆ ನೈಟ್ರೈಟ್ ಚೌಕ ತಾನಾಗಿಯೇ ಗುಲಾಬಿಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಬಚ್ಚಲ ಗೂಡಿನಲ್ಲಿ ಇಡಲೇಬೇಡಿ. ಫ್ರಿಜ್ಜೂ ಬೇಡ.

ಎರಡೂ ಚೌಕ ಬಣ್ಣ ತಿರುಗಿ, ಉರಿಯೂ ಇದ್ದರೆ ಸೋಂಕಿನ ಸಾಧ್ಯತೆ ಬಲವಾಗಿದೆ. ಎರಡೂ ತಿರುಗದೆ ಉರಿ ಮಾತ್ರ ಉಳಿದರೆ ‘ಉಷ್ಣ ಅಷ್ಟೇ’ ಅಂತ ಸುಮ್ಮನಾಗಬೇಡಿ, ಡಾಕ್ಟರನ್ನು ಕಾಣಿ. ಯಾವ ಔಷಧಿ ನಾಟುತ್ತದೆ ಎಂದು ಪಟ್ಟಿ ಹೇಳುವುದಿಲ್ಲ, ಅದನ್ನು ಹೇಳುವುದು ಕಲ್ಚರ್, ಅಂದರೆ ಲ್ಯಾಬಿನಲ್ಲಿ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ. ಕಲ್ಚರಿಗೆ ಕೊಡುವುದಿದ್ದರೆ ಆ್ಯಂಟಿಬಯಾಟಿಕ್ ಶುರುವಾಗುವ ಮುಂಚೆಯೇ ಕೊಡಬೇಕು, ಮೂತ್ರ 2 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಹೆಂಗಸರ ಸರಳ ಸೋಂಕಿಗೆ ವೈದ್ಯರು ಹೆಚ್ಚಾಗಿ ಬರೆಯುವುದು 5 ದಿನದ ನೈಟ್ರೊಫ್ಯುರಾಂಟೋಯಿನ್ ಅಥವಾ 3 ಗ್ರಾಂ ಫಾಸ್ಫೊಮೈಸಿನ್ ಒಂದೇ ಡೋಸ್. ಮೊದಲನೆಯದು ಕಿಡ್ನಿ ತನಕ ಹೋದ ಸೋಂಕಿಗೆ ಸಾಲದು. ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತರುವ ಚಾಳಿ ಕೆಟ್ಟದ್ದು.

ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಪಟ್ಟಿ ಅದ್ದುತ್ತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಮಕ್ಕಳು, ಗಂಡಸರಿಗೂ ಪಟ್ಟಿಯ ಮಾತು ಸಾಲದು. ಕ್ಯಾಥೆಟರ್ (ಮೂತ್ರದ ಕೊಳವೆ) ಹಾಕಿಸಿಕೊಂಡ ಹಿರಿಯರಿಗಂತೂ ಇದು ಬೇಡವೇ ಬೇಡ: ತೊಂದರೆಯಿಲ್ಲದಿದ್ದರೂ ಚೌಕ ಬಣ್ಣ ತಿರುಗುತ್ತದೆ, ಬೇಡದ ಔಷಧಿ ಶುರುವಾಗುತ್ತದೆ.

ಪದೇ ಪದೇ ಸೋಂಕಾಗುವ ಹೆಂಗಸರಿಗೆ ಕೊಳ್ಳಬಹುದಾದ ವಸ್ತು. ಉಳಿದವರಿಗೆ 100 ಪಟ್ಟಿಯ ಡಬ್ಬಿ ದಂಡ, ಮುಗಿಯುವ ಮುಂಚೆ ಹಾಳಾಗುತ್ತದೆ. ಒಂದೊಂದೇ ಪೊಟ್ಟಣ ಕಟ್ಟಿದ್ದು ಸಿಕ್ಕರೆ ಅದೇ ವಾಸಿ.