ಉಳುಕಿದ ಕಾಲಿಗೆ ಮೂರು ದಾರಿ: ಗರಡಿ ಮಾಲೀಶು, ಕರೆಂಟ್ ಶಾಖ, ಸ್ಪೋರ್ಟ್ಸ್ ಫಿಸಿಯೋ

ಕಾಲು ಉಳುಕಿ ಬಾವು ಬಂದರೆ ದಾವಣಗೆರೆಯಲ್ಲಿ ಆಟಗಾರನ ಮುಂದೆ ಮೂರು ದಾರಿ ಇವೆ. ಗರಡಿಯ ಹಿರಿಯರ ಎಣ್ಣೆ ಮಾಲೀಶು, ಕರೆಂಟ್ ಇಟ್ಟು ಕಳಿಸುವ ಫಿಸಿಯೋಥೆರಪಿ ಕ್ಲಿನಿಕ್ಕು, ಇಲ್ಲವೇ ನಮ್ಮ ಆಟ ಯಾವುದೆಂದು ಕೇಳಿ ಅದಕ್ಕೆ ತಕ್ಕ ವ್ಯಾಯಾಮ ಮಾಡಿಸುವ ಸ್ಪೋರ್ಟ್ಸ್ ಫಿಸಿಯೋ. ನಾನು ಕಬಡ್ಡಿ ರೈಡರ್. ಒಂದೇ ಎಡಗಾಲಿಗೆ, ಬೇರೆ ಬೇರೆ ಸೀಸನ್‌ಗಳಲ್ಲಿ, ಮೂರನ್ನೂ ಮಾಡಿಸಿಕೊಂಡಿದ್ದೇನೆ. ನೋವು ಮೂರರಿಂದಲೂ ಹೋಯಿತು. ಆದರೆ ಧೈರ್ಯವಾಗಿ ರೈಡ್‌ಗೆ ಇಳಿಯುವ ಹಾಗೆ ಕಾಲು ಸರಿಹೋಗಿದ್ದು ಮೂರನೆಯದರಿಂದ.

ಯಾಕೆ ಅಂತ ತಿಳಿಯಬೇಕಾದರೆ ಬೋನಸ್ ಗೆರೆಯನ್ನು ನೆನಪಿಸಿಕೊಳ್ಳಿ. ಬೋನಸ್ ಅಂಕ ಬೇಕಾದರೆ, ಎದುರು ಆರು ಅಥವಾ ಏಳು ಜನ ಇದ್ದಾಗ ಒಂದು ಪಾದ ಗೆರೆ ದಾಟಿ ಊರಬೇಕು, ಅದೇ ಹೊತ್ತಿಗೆ ಹಿಂದಿನ ಪಾದ ನೆಲ ಬಿಟ್ಟಿರಬೇಕು. ಅಂದರೆ ಮೈಭಾರವೆಲ್ಲ ಒಂಟಿ ಕಾಲಿನ ಮೇಲೆ. ಎದುರು ತಂಡದಲ್ಲಿ ಮೂಲೆ ಕಾಯುವ ಕಾರ್ನರ್‌ನವನು ಕೈ ಹಾಕುವುದೂ ಅದೇ ಪಾದಕ್ಕೆ. ಮೈ ಅತ್ತ ತಿರುಗುತ್ತದೆ, ಪಾದ ಒಳಕ್ಕೆ ಮಡಚಿಕೊಳ್ಳುತ್ತದೆ, ಕಾಲಿನ ಹೊರಗಂಟಿನ ಮುಂದಿರುವ ಲಿಗಮೆಂಟ್ ಎಳೆದುಕೊಳ್ಳುತ್ತದೆ ಇಲ್ಲವೇ ಹರಿಯುತ್ತದೆ. ಆ ಲಿಗಮೆಂಟ್ ಮೂಳೆಗಳನ್ನು ಹಿಡಿದಿಡುವುದಷ್ಟೇ ಅಲ್ಲ. ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳೂ ಅದರಲ್ಲಿವೆ. ಬಾವು ಇಳಿದರೂ ಆ ಸುದ್ದಿ ತಡವಾಗಿ ಮುಟ್ಟುತ್ತಿದ್ದರೆ ಕಾಲು ಮತ್ತೆ ಕೈಕೊಡುತ್ತದೆ.

ಈ ಮೂರರಲ್ಲಿ ಯಾವುದಕ್ಕೂ ಹೋಗುವ ಮುಂಚೆ ಮಾಡಬೇಕಾದ್ದು ಒಂದಿದೆ. ಕೆನಡಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಒಟ್ಟಾವಾ ನಿಯಮವನ್ನು ಪ್ರತಿ ತಂಡದ ಕೋಚ್ ಬಾಯಿಪಾಠ ಮಾಡಿಕೊಂಡಿರಬೇಕು ಅನ್ನುತ್ತೇನೆ. ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಅಥವಾ ಕಾಲಿನ ಗಂಟಿನ ಮೂಳೆಯ ಹಿಂಬದಿಯನ್ನು ಒತ್ತಿದಾಗ ನೋವಿದ್ದರೆ ಮೊದಲು ಎಕ್ಸ್‌-ರೇ. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆ ಒತ್ತಿದರೆ ನೋಯುತ್ತಿದ್ದರೂ ಅಷ್ಟೇ. ಮೂಳೆ ಬಿರಿದಿರುವ ಕಾಲನ್ನು ಯಾರ ಕೈಗೂ ಕೊಡಬಾರದು.

ಈಗ ಮಾಲೀಶು. ನಮ್ಮದು ಕುಸ್ತಿಯ ಊರು. ದುಗ್ಗಮ್ಮನ ಜಾತ್ರೆ ಬಂತೆಂದರೆ ಅಖಾಡದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಗರಡಿಯಲ್ಲಿ ಮೈ ಉಜ್ಜುವ ವಿದ್ಯೆ ಇವತ್ತಿಗೂ ಉಳಿದಿದೆ. ಆದರೆ ಎಲ್ಲ ಕೈಗಳೂ ಒಂದೇ ಅಲ್ಲ. ಒಬ್ಬರು ಉಳುಕು ತೆಗೆಯುತ್ತೇನೆಂದು ಹಸಿ ಬಾವಿನ ಮೇಲೇ ಪಾದ ಹಿಡಿದು ತಿರುವಿದರು. ರಾತ್ರಿ ಕಾಲು ಇನ್ನಷ್ಟು ಊದಿಕೊಂಡು ಚಪ್ಪಲಿಗೂ ಹಿಡಿಸಲಿಲ್ಲ. ಇನ್ನೊಬ್ಬ ಹಿರಿಯರು ಕಾಲು ನೋಡಿದ ಕೂಡಲೇ, ‘ಬಾವು ಇಳೀಲಿ ತಮ್ಮಾ, ಆಮೇಲೆ ಬಾ. ಹಸಿ ಪೆಟ್ಟಿಗೆ ನಾನು ಕೈ ಹಚ್ಚಲ್ಲ’ ಅಂದರು. ಬಾವು ಇಳಿದ ಮೇಲೆ ಹೋದೆ. ಎಳ್ಳೆಣ್ಣೆ ಬೆಚ್ಚಗೆ ಮಾಡಿ, ಗಂಟನ್ನು ಮುಟ್ಟದೆ, ಮೀನಖಂಡವನ್ನು ಕೆಳಗಿನಿಂದ ಮೇಲಕ್ಕೆ ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋದರು. ಕುಂಟಿ ಕುಂಟಿ ಬಿಗಿದಿದ್ದ ಸ್ನಾಯು ಸಡಿಲವಾಯಿತು, ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅವರ ಮೇಲೆ ನನಗೆ ಗೌರವವಿದೆ. ಪಂದ್ಯದ ಮರುದಿನ ಈಗಲೂ ಹೋಗುತ್ತೇನೆ. ಆದರೆ ಎಷ್ಟು ಉಜ್ಜಿದರೂ ಲಿಗಮೆಂಟಿಗೆ ಬಲ ಬರುವುದಿಲ್ಲ, ಒಂಟಿ ಕಾಲಿನ ಸಮತೋಲನವೂ ಬರುವುದಿಲ್ಲ.

ಕರೆಂಟ್ ಕ್ಲಿನಿಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಂಚದ ಮೇಲೆ ಮಲಗಿಸಿ ಗಂಟಿನ ಎರಡೂ ಕಡೆ ಪ್ಯಾಡ್ ಅಂಟಿಸಿ, ನೋವು ತಗ್ಗಿಸುವ ಸಣ್ಣ ಕರೆಂಟ್ ಆದ ಐಎಫ್‌ಟಿ ಹಚ್ಚುತ್ತಾರೆ, ಇರುವೆ ಹರಿದಾಡಿದ ಹಾಗೆ ಜುಮುಜುಮು ಅನ್ನುತ್ತದೆ. ಆಮೇಲೆ ಜೆಲ್ ಸವರಿ ಅಲ್ಟ್ರಾಸೌಂಡ್, ಅಂದರೆ ಸ್ಕ್ಯಾನ್ ಅಲ್ಲ, ಶಬ್ದದ ಅಲೆಯಿಂದ ಮಾಡುವ ಚಿಕಿತ್ಸೆ. ನಾಲ್ಕೈದು ತಾಸು ನೋವು ಹತೋಟಿಯಲ್ಲಿರುತ್ತದೆ. ಆದರೆ ಹೊಸದಾಗಿ ಉಳುಕಿದ ಕಾಲಿಗೆ ಅಲ್ಟ್ರಾಸೌಂಡಿನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ಪರಿಶೀಲನೆ ಹೇಳಿದೆ. ನನ್ನ ಕಾಲಿನ ಅನುಭವವೂ ಅದೇ. ಹೋದಷ್ಟು ದಿನವೂ ‘ನೋವು ಎಷ್ಟಿದೆ’ ಎಂದು ಕೇಳಿದರೇ ಹೊರತು ನಿಲ್ಲಿಸಿ, ನಡೆಸಿ ನೋಡಲಿಲ್ಲ. ನೋವು ಇಲ್ಲ ಅಂದ ದಿನ ‘ಇನ್ನು ಆಡಬಹುದು’ ಅಂದರು. ಆ ಸೀಸನ್ ಮುಗಿಯುವುದರೊಳಗೆ ಅದೇ ಕಾಲು ಮತ್ತೆ ಉಳುಕಿತು.

ಮೂರನೆಯ ಕಡೆ ಮೊದಲ ದಿನ ಯಂತ್ರವನ್ನೇ ಮುಟ್ಟಲಿಲ್ಲ. ‘ನೀವು ರೈಡರ್ರಾ, ಡಿಫೆಂಡರ್ರಾ?’ ಅಂತ ಕೇಳಿದರು ಫಿಸಿಯೋ ಮೇಡಂ. ಗೋಡೆಗೆ ಎದುರಾಗಿ ನಿಲ್ಲಿಸಿ, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಹೇಳಿದರು. ಮುಟ್ಟಿದಂತೆಲ್ಲ ಪಾದವನ್ನು ಹಿಂದೆ ಸರಿಸುತ್ತಾ, ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರವನ್ನು ಟೇಪಿನಲ್ಲಿ ಅಳೆದರು. ಬಲಗಾಲು 11 ಸೆಂ.ಮೀ., ಎಡಗಾಲು 7. ನೋವೇ ಇಲ್ಲದ ಕಾಲು ಅದು! ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವಾಗ ಬಲಗಾಲು 25 ದಾಟಿತು, ಎಡಗಾಲು ಅರ್ಧದಲ್ಲೇ ನಡುಗಿತು. ಕಣ್ಣು ಮುಚ್ಚಿ ನಿಲ್ಲಿ ಅಂದಾಗ ಗೋಡೆ ಹಿಡಿದೆ.

ಅಲ್ಲಿಂದ ಶುರುವಾದದ್ದು ಕೆಲಸ. ಪಾದವನ್ನು ಹೊರಕ್ಕೆ ತಿರುಗಿಸುವ ಪೆರೋನಿಯಲ್ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್, ಏಕೆಂದರೆ ಪಾದ ಒಳಕ್ಕೆ ಮಡಚುವಾಗ ತಡೆಯುವವು ಅವೇ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು. ದಿಂಬಿನ ಮೇಲೆ ಒಂಟಿ ಕಾಲಲ್ಲಿ ನಿಂತು ಚೆಂಡು ಹಿಡಿಯುವುದು. ಆಮೇಲೆ ಜಿಗಿತ, ದಿಕ್ಕು ಬದಲಿಸುವ ಓಟ. ಕೊನೆಗೆ ಟೋ ಟಚ್, ಅಂದರೆ ಕಾಲು ಚಾಚಿ ಬೆರಳ ತುದಿಯಿಂದ ಎದುರಾಳಿಯನ್ನು ಮುಟ್ಟುವ ಪಟ್ಟು, ಮಾಡುತ್ತಿರುವಾಗಲೇ ಪಕ್ಕದಿಂದ ತಳ್ಳುವುದು. ಒಂಟಿ ಕಾಲಿನ ಜಿಗಿತದಲ್ಲಿ ಎಡಗಾಲು ಬಲಗಾಲಿನ ಶೇ. 90ರಷ್ಟಾದರೂ ಮುಟ್ಟುವವರೆಗೆ ಮ್ಯಾಟ್‌ಗೆ ಬಿಡಲಿಲ್ಲ. ಅವರು ಕ್ಯಾಲೆಂಡರ್ ನೋಡಲಿಲ್ಲ, ಕಾಲು ನೋಡಿದರು. ನನಗೆ ಹಿಡಿಸಿದ್ದು ಇದೇ.

ಇದರ ಲಾಭ ಗಾಯಕ್ಕಷ್ಟೇ ನಿಲ್ಲಲಿಲ್ಲ. ಬೋನಸ್‌ಗೆ ಕಾಲು ಚಾಚಿದಾಗ ಈಗ ಮೈ ಹೊಯ್ದಾಡುವುದಿಲ್ಲ, ಇನ್ನೊಂದು ಗೇಣು ಮುಂದೆ ಚಾಚಿ ವಾಪಸ್ ಬರಬಲ್ಲೆ. ಗಾಯಕ್ಕೆ ಮುಂಚೆಯೂ ಅಷ್ಟು ಚಾಚುತ್ತಿರಲಿಲ್ಲ.

ದುಡ್ಡಿನ ಮಾತಿಗೆ ಬಂದರೆ, ಒಂದು ಸಲದ ಫೀಸು ಕರೆಂಟ್ ಕ್ಲಿನಿಕ್ಕಿಗಿಂತ ಇಲ್ಲೇ ಜಾಸ್ತಿ. ಆದರೆ ಅಲ್ಲಿ ದಿನಾ ಹೋಗಬೇಕು, ಇಲ್ಲಿ ವಾರಕ್ಕೊಮ್ಮೆ ತೋರಿಸಿದರೆ ಸಾಕು, ಉಳಿದದ್ದೆಲ್ಲ ಮನೆಯಲ್ಲಿ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಅಗ್ಗವಾಯಿತು. ಮನೆಯಲ್ಲಿ ಮಾಡಿದರೆ ಉಪಯೋಗವಾದೀತೇ ಎಂಬ ಅನುಮಾನ ಬೇಡ. ನೆದರ್ಲೆಂಡ್ಸ್‌ನಲ್ಲಿ ಕಾಲು ಉಳುಕಿದ್ದ 522 ಆಟಗಾರರನ್ನು ಒಂದು ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಎಂಟು ವಾರ ಮನೆಯಲ್ಲೇ ಸಮತೋಲನದ ವ್ಯಾಯಾಮ ಮಾಡಿದವರಲ್ಲಿ ಶೇ. 22 ಜನರಿಗೆ ಕಾಲು ಮತ್ತೆ ಉಳುಕಿತು, ಮಾಡದವರಲ್ಲಿ ಶೇ. 33 ಜನರಿಗೆ. ಯಾವ ಯಂತ್ರವೂ ಇಲ್ಲದೆ ಸಿಕ್ಕ ಫಲ ಇದು. ಹಳ್ಳಿ ಟೂರ್ನಮೆಂಟ್ ಆಡುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು? ಒಮ್ಮೆ ಉಳುಕಿದವರು ಪಂದ್ಯಕ್ಕೆ ಇಳಿಯುವಾಗ ಕಾಲಿನ ಗಂಟಿಗೆ ಆಸರೆ ಕೊಡುವ ಆ್ಯಂಕಲ್ ಬ್ರೇಸ್ ಹಾಕಿಕೊಳ್ಳುವುದೂ ಒಳ್ಳೆಯದು, ನಾನು ಹಾಕುತ್ತೇನೆ.

ಹೊಸ ಕ್ಲಿನಿಕ್ಕಿಗೆ ಹೋಗುವವರು ಮೊದಲ ದಿನವೇ ಎರಡು ಪ್ರಶ್ನೆ ಕೇಳಿ. ‘ನನ್ನ ಎರಡೂ ಕಾಲುಗಳನ್ನು ಹೋಲಿಸಿ ಅಳೆಯುತ್ತೀರಾ? ಆಟಕ್ಕೆ ಯಾವಾಗ ಬಿಡುತ್ತೀರಿ ಅನ್ನುವುದನ್ನು ಯಾವುದರಿಂದ ತೀರ್ಮಾನ ಮಾಡುತ್ತೀರಿ?’ ಎರಡನೆಯದಕ್ಕೆ ‘ನೋವು ಹೋದ ಮೇಲೆ’ ಎಂಬ ಉತ್ತರ ಬಂದರೆ ಬೇರೆ ಕಡೆ ವಿಚಾರಿಸಿ.